ವಾರಂಟಜ್ಜನ ಚೀಲದಲ್ಲಿ ಇಲ್ಲದ್ದು

ಫೆಬ್ರವರಿ ೪

ಅಕ್ಕಾ,

ನಿನ್ನ ಕಾಗದ ತಲುಪಿತು. ಐಸ್ ಕಾರ್ಖಾನೆಯ ಎದುರಿನ ಚಹಾದ ಅಂಗಡಿಯವನು ಅದನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟು ಮರೆತಿದ್ದನಂತೆ. ಕೈಗೆ ಬಂದಾಗ ಒಂದು ಮೂಲೆಗೆ ಇರುವೆ ಹತ್ತಿತ್ತು. ಸಿಹಿ ಸುದ್ದಿಯೇ ಇರಬೇಕು ಎಂದು ನಗುತ್ತ ಬಿಚ್ಚಿದೆ. ಓದಿದ ಮೇಲೆ ನಗು ಹೋಯಿತು.

ನನ್ನ ಹೆಂಡತಿ ಹೇಳಿದ್ದನ್ನು ನೀನು ಇದ್ದ ಹಾಗೆ ಬರೆದದ್ದು ಒಳ್ಳೆಯದಾಯಿತು. 'ಏಪ್ರಿಲ್ ಮುಗಿಯೋದ್ರೊಳಗೆ ಬಾಗಿಲಿಗೆ ಬಂದು ನಿಂತ್ರೆ ಗಂಡ, ಇಲ್ದಿದ್ರೆ ಕಾಗದದ ಮೇಲಿನ ಗಂಡ.' ಅವಳದೇನೂ ತಪ್ಪಿಲ್ಲ. ಆರು ವರ್ಷ ಯಾರು ಕಾಯುತ್ತಾರೆ? ಪರದೇಶದಲ್ಲಿರುವ ಅವಳ ಅಣ್ಣ ಕರೆಯುತ್ತಿದ್ದಾನೆ, ಅಲ್ಲಿಯ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸವಿದೆ, ಮಗಳಿಗೆ ಶಾಲೆಯಿದೆ. ನಾನು ಹೊರಟಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಆ ದೇಶಕ್ಕೆ ಹೋದಳೆಂದರೆ ಆ ಮಗು ನನ್ನದಲ್ಲ ಎಂದೇ ಲೆಕ್ಕ.

ನಾನು ಬರಬೇಕು ಅಕ್ಕ. ಆದರೆ ಬಸ್ಸಿಳಿದ ಕೂಡಲೇ ಕೈಗೆ ಬೇಡಿ ಬಿದ್ದರೆ ಬಂದೂ ಏನು ಬಂತು? ಅದಕ್ಕೇ ಕೇಳುತ್ತಿದ್ದೇನೆ, ನನ್ನ ಹೆಸರಿನಲ್ಲಿ ವಾರಂಟ್ ಇದೆಯೋ ಇಲ್ಲವೋ ಹೇಗಾದರೂ ತಿಳಿದು ಹೇಳು. ಮಿಲ್ಲಿನಲ್ಲಿ ಆ ಹಮಾಲಿ ಗರಗಸಕ್ಕೆ ಸಿಕ್ಕಿ ಸತ್ತ ದಿನ ಸಂಜೆ ಮೇಲ್ವಿಚಾರಕ ಮನೆಗೇ ಬಂದಿದ್ದ. 'ಸ್ಟೇಷನ್ನಲ್ಲಿ ನಿನ್ನ ಹೆಸರೂ ಬರ್ಕೊಂಡಿದಾರೆ, ನಿನ್ನನ್ನೂ ನಿನ್ನ ಜೊತೆಗಾರನನ್ನೂ ಒಳಗೆ ಹಾಕ್ತಾರೆ, ಮೊದಲು ಇಲ್ಲಿಂದ ಹೊರಡು' ಎಂದು ತಾನೇ ಹಲಗೆ ಲಾರಿ ಹತ್ತಿಸಿದ. ಗರಗಸ ಚಾಲೂ ಮಾಡುವ ಆ ಗುಂಡಿಯನ್ನು ನಾನು ಮುಟ್ಟಿಯೂ ಇರಲಿಲ್ಲ. ಆಮೇಲೆ ಏನಾಯಿತೋ ಒಂದೂ ಗೊತ್ತಿಲ್ಲ.

ನನ್ನ ಜೊತೆಗಾರನೂ ಆಗಲೇ ದೂರದ ಊರಿಗೆ ಕೆಲಸಕ್ಕೆ ಹೋದ ಎಂದು ನೀನು ಬರೆದಿದ್ದೆ. ಅವನ ಸುದ್ದಿ ಏನಾದರೂ ಬಂತೇ? ಇಬ್ಬರೂ ಒಂದೇ ಗರಗಸದ ಆ ಕಡೆ ಈ ಕಡೆ ಎಂಟು ವರ್ಷ ನಿಂತವರು. ಅವನೂ ಎಲ್ಲೋ ಹೀಗೇ ಅಡಗಿಕೊಂಡಿರಬೇಕು, ಪಾಪ.

ನಿನ್ನ ತಮ್ಮ


ಫೆಬ್ರವರಿ ೧೯

ತಮ್ಮಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುಟ್ಟದ ಗುಂಡಿಗೆ ಆರು ವರ್ಷ ಓಡಿದವನನ್ನು ನಿನ್ನ ಬಿಟ್ಟು ನಾನು ಇನ್ನೊಬ್ಬನನ್ನು ಕಂಡಿಲ್ಲ. ಬೈಯುವುದು ಮುಗಿಯಿತು. ಈಗ ಕೆಲಸದ ಮಾತು.

ನೀನು 'ಹೇಗಾದರೂ ತಿಳಿದು ಹೇಳು' ಎಂದು ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಈ ಪುಟ್ಟ ಜಿಲ್ಲೆಯಲ್ಲಿ ಒಂದು ಕಡೆ ಕೆಮ್ಮಿದರೆ ಇನ್ನೊಂದು ಕಡೆ ಕಷಾಯ ಕಾಯಿಸುತ್ತಾರೆ. ನಾನು ಸ್ಟೇಷನ್ನಿಗೆ ಹೋಗಿ ಕೇಳಿದರೆ ಅವರು ಮೊದಲು ಕೇಳುವುದು 'ಯಾಕಮ್ಮ, ನಿನ್ನ ತಮ್ಮ ಎಲ್ಲಿದಾನೆ' ಎಂದು. ಕೋರ್ಟಿನ ಗೋಡೆಗೆ ಗಾಜಿನ ಹಲಗೆ ಇದೆ, ಅದರಲ್ಲಿ ತಲೆ ತಪ್ಪಿಸಿಕೊಂಡವರ ಹೆಸರು ಅಂಟಿಸುತ್ತಾರೆ. ಎರಡು ಸಲ ಹೋಗಿ ನೋಡಿ ಬಂದೆ. ನಿನ್ನ ಹೆಸರಿಲ್ಲ. ಆದರೆ ಆ ಹಲಗೆಯ ಬೀಗದ ಕೈ ಕಳೆದು ಯಾವ ಕಾಲವಾಯಿತೋ, ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆ. ಅದನ್ನು ನಂಬುವ ಹಾಗಿಲ್ಲ.

ಉಳಿದದ್ದು ವಾರಂಟಜ್ಜ. ನಿನಗೆ ನೆನಪಿದೆಯಲ್ಲ, ಸೈಕಲ್ಲಿಗೆ ಖಾಕಿ ಚೀಲ ನೇತುಹಾಕಿಕೊಂಡು ಬರುವ ಹಳೆಯ ಪೇದೆ. ಅವನು ಇನ್ನೂ ಹಾಗೇ ಇದ್ದಾನೆ. ಯಾರನ್ನಾದರೂ ಹಿಡಿಯುವುದಿದ್ದರೆ ಹಿಂದಿನ ದಿನವೇ ಬಾಗಿಲಿಗೆ ಬಂದು 'ನಾಳೆ ಬರ್ತೀನಪ್ಪ, ಊಟ ಮಾಡ್ಕೊಂಡು ತಯಾರಾಗಿರು' ಎನ್ನುತ್ತಾನೆ. ಮರುದಿನ ಆ ಮನುಷ್ಯ ಕ್ಷೌರ ಮಾಡಿಸಿಕೊಂಡು ಕಾದು ಕುಳಿತಿರುತ್ತಾನೆ. ಅದಕ್ಕೇ ಇಲ್ಲಿ ಯಾರೂ 'ಪೊಲೀಸ್ ಹಿಡಿದರು' ಎನ್ನುವುದಿಲ್ಲ, 'ಅಜ್ಜ ಕರ್ಕೊಂಡು ಹೋದ' ಎನ್ನುತ್ತಾರೆ. ಜಿಲ್ಲೆಯ ಜನಕ್ಕೆ ವಾರಂಟ್ ಎಂದರೆ ಅವನ ಚೀಲ. ಅದರಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಅವನ ಹೊಟ್ಟೆ ಬೆಳೆಯುತ್ತಲೇ ಇದೆ, ಪ್ಯಾಂಟಿನ ಹೊಲಿಗೆ ಬಿಡಿಸಿ ಅಗಲ ಮಾಡಿಸಲು ನನ್ನ ಹೊಲಿಗೆ ಅಂಗಡಿಗೇ ಬರುತ್ತಾನೆ. ಬರಲಿ, ಸಮಯ ನೋಡಿ ಕೇಳುತ್ತೇನೆ. ಬೆಕ್ಕಿಗೆ ಗಂಟೆ ಕಟ್ಟುವುದು ಹೇಗೂ ನನ್ನ ಪಾಲಿಗೇ ಬಂದಿದೆ.

ಮಗಳು ಚೆನ್ನಾಗಿದ್ದಾಳೆ. ಐಸ್ ಕೆಲಸದವರು ಬಿಸಿಲಿಗೆ ಬಂದರೆ ಕರಗಿ ಹೋಗುತ್ತಾರೆ, ಅದಕ್ಕೇ ಅಪ್ಪ ಬರುವುದಿಲ್ಲ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿನ್ನ ಜೊತೆಗಾರನ ವಿಷಯ ಆಮೇಲೆ ಬರೆಯುತ್ತೇನೆ. ಮೆಷಿನ್ನಿನ ಮೇಲೆ ಕೆಲಸ ರಾಶಿ ಬಿದ್ದಿದೆ.

ಅಕ್ಕ


ಮಾರ್ಚ್ ೧

ಅಕ್ಕಾ,

ಮಗಳ ಮಾತು ಓದಿ ಒಬ್ಬನೇ ನಕ್ಕೆ. ಆಮೇಲೆ ಐಸ್ ಕಟ್ಟುವ ಉಪ್ಪುನೀರಿನ ತೊಟ್ಟಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ. ಅಲ್ಲಿ ಯಂತ್ರದ ಸದ್ದು ಜೋರು, ಮನುಷ್ಯ ಏನು ಮಾಡಿದರೂ ಕೇಳಿಸುವುದಿಲ್ಲ.

ಮೊನ್ನೆ ಒಂದು ಪೊಲೀಸ್ ಜೀಪು ಕಾರ್ಖಾನೆಯ ಒಳಗೇ ಬಂತು. ಕೊಕ್ಕೆ ಅಲ್ಲೇ ಬಿಸಾಡಿ ಐಸ್ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಗಡ್ಡೆಗಳ ನಡುವೆ ಕೂತು ಬೆರಳು ಮರಗಟ್ಟಿದ ಮೇಲೆ ಒಬ್ಬ ಬಂದು ಬಾಗಿಲು ಬಡಿದ. 'ಐಸಣ್ಣ, ಒಳಗೇನು ಮೊಟ್ಟೆಗೆ ಕಾವು ಕೊಡ್ತಿದೀಯ? ಸಾಹೇಬರ ಮನೆಗೆ ಎರಡು ಗಡ್ಡೆ ಬೇಕಂತೆ, ಬೇಗ ಕೊಡು.' ಆ ಪೊಲೀಸರ ಜೀಪಿಗೆ ನನ್ನ ಕೈಯಾರೆ ಗಡ್ಡೆ ಏರಿಸಿದೆ. ಅವರಲ್ಲಿ ಒಬ್ಬ ನನ್ನ ನಡುಗುವ ಕೈ ನೋಡಿ 'ಚಳಿ ಕೆಲಸ ಅಲ್ವಾ' ಎಂದು ಬೀಡಿ ಕೊಟ್ಟ. ಹಗ್ಗ ಕಂಡರೂ ಹಾವು ಎನಿಸುವ ಬದುಕು ಸಾಕಾಗಿ ಹೋಗಿದೆ ಅಕ್ಕ.

ಇಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಯಾರಾದರೂ ನಮ್ಮೂರಿನ ಹಾಗೆ 'ಅಣ್ಣಾ' ಎಂದು ರಾಗ ಎಳೆದರೆ ತಿರುಗಿ ನೋಡದೆ ಗಡ್ಡೆಗಳ ಹಿಂದೆ ಸರಿದುಬಿಡುತ್ತೇನೆ. ಅಜ್ಜನನ್ನು ಕೇಳು, ತಡ ಮಾಡಬೇಡ.

ತಮ್ಮ


ಮಾರ್ಚ್ ೧೨

ತಮ್ಮಾ,

ಕೇಳಿದೆ.

ಅಜ್ಜ ನಿನ್ನೆ ಪ್ಯಾಂಟು ತಂದ. ಈ ಸಲ ಬಿಡಿಸಲು ಬಟ್ಟೆಯೇ ಉಳಿದಿಲ್ಲ. 'ಅಜ್ಜಾ, ಇನ್ನು ನೀವು ಕರಗಬೇಕು, ಇಲ್ಲ ನಾನು ಪರದೆ ಬಟ್ಟೆ ಸೇರಿಸಬೇಕು' ಎಂದೆ. ನಕ್ಕ. ಅವನು ನಗುತ್ತಿರುವಾಗಲೇ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡು ಕೇಳಿಬಿಟ್ಟೆ. 'ನಮ್ಮವನದು ಏನಾದರೂ ನಿಮ್ಮ ಚೀಲದಲ್ಲಿ ಇದೆಯಾ?'

ಅಜ್ಜ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟಿದ. 'ನಿನ್ನ ತಮ್ಮಂದು ಇದರಲ್ಲಿ ನಿಲ್ಲಲ್ಲ ಬಿಡವ್ವ. ನಾನಿರೋವರೆಗೂ ನಿನ್ನ ಬಾಗಿಲಿಗೆ ಅದು ಬರಲ್ಲ' ಎಂದ. ಕಣ್ಣು ಮಿಟುಕಿಸಿದ ಹಾಗೂ ಇತ್ತು. ನನಗೆ ಜೀವ ಬಂದ ಹಾಗಾಯಿತು. ಅವನ ಪ್ಯಾಂಟಿಗೆ ಹೊಲಿಗೆಯ ಕೂಲಿ ತೆಗೆದುಕೊಳ್ಳಲಿಲ್ಲ.

'ಹಾಗಾದರೆ ಕೋರ್ಟಿನಲ್ಲೂ ಒಂದು ಮಾತು ಕೇಳಿ ಬರಲಾ' ಎಂದೆ. ಅಜ್ಜನ ಮುಖ ಬದಲಾಯಿತು. 'ಹೊಸ ಗುಮಾಸ್ತ ಬಂದಿದಾನೆ, ಪರ ಊರಿನವನು. ಅವನು ಕೇಳಿದ್ದಕ್ಕೆಲ್ಲ ಫೈಲು ತೆಗೀತಾನೆ. ಸುಮ್ಮನಿರಲಾರದೆ ಇರುವೆ ಬಿಟ್ಕೋಬೇಡ' ಎಂದು ಹೇಳಿ ಹೋದ.

ನನಗೂ ಅದೇ ಸರಿ ಎನಿಸಿದೆ. ಚೀಲದಲ್ಲಿ ಇಲ್ಲ ಎಂದ ಮೇಲೆ ಇಲ್ಲ. ನೀನು ಹೊರಡುವ ದಾರಿ ನೋಡು. ನಿನ್ನ ಹೆಂಡತಿಗೆ ಹೇಳಿದೆ. ಅವಳು ಕಟ್ಟುತ್ತಿದ್ದ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಅವಳ ಮಟ್ಟಿಗೆ ಅದೇ ದೊಡ್ಡ ಮಾತು.

ಅಕ್ಕ


ಮಾರ್ಚ್ ೨೦

ಅಕ್ಕಾ,

ಸಿಟ್ಟು ಮಾಡಬೇಡ. 'ಇದರಲ್ಲಿ ನಿಲ್ಲಲ್ಲ' ಎಂದರೆ ಏನು? ಬಂದಿಲ್ಲ ಎಂದೋ, ಬಂದು ಹೋಯಿತು ಎಂದೋ? ಈ ಒಂದು ಮಾತನ್ನು ಹಿಡಿದುಕೊಂಡು ವಾರವಿಡೀ ಉರುಳಾಡಿದೆ. ಅಜ್ಜ ಇವತ್ತಿದ್ದಾನೆ. ನಾಳೆ ಅವನಿಗೆ ನಿವೃತ್ತಿಯಾದರೆ? ಮಗಳ ಕೈ ಹಿಡಿದು ಶಾಲೆಗೆ ಹೋಗುವಾಗ ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟರೆ? ಆ ಕೂಸಿನ ಎದುರಿಗೆ ಅದು ಆಗಬಾರದು.

ಗಟ್ಟಿಯಾಗಿ ತಿಳಿಯಬೇಕು. ಇದ್ದರೂ ಪರವಾಗಿಲ್ಲ, ತಿಳಿದರೆ ಸಾಕು. ಕೋರ್ಟಿಗೆ ಹೋಗು ಅಕ್ಕ. ಇದೊಂದು ಸಲ.

ತಮ್ಮ


ಏಪ್ರಿಲ್ ೨

ತಮ್ಮಾ,

ಕುಳಿತುಕೊಂಡು ಓದು.

ಕೋರ್ಟಿಗೆ ಹೋದೆ. ಕಚೇರಿಯ ಕಿಟಕಿ ಎಷ್ಟು ತಗ್ಗಿನಲ್ಲಿದೆ ಎಂದರೆ ಏನು ಕೇಳುವುದಿದ್ದರೂ ಬಗ್ಗಿಯೇ ಕೇಳಬೇಕು. ಹೊಸ ಗುಮಾಸ್ತ ಎಳೆಯ ಮನುಷ್ಯ, ಒಳ್ಳೆಯವನ ಹಾಗೆಯೇ ಇದ್ದಾನೆ. ನಿನ್ನ ಹೆಸರು, ಅಪ್ಪನ ಹೆಸರು, ನನಗೇನಾಗಬೇಕು ಎಲ್ಲ ಕೇಳಿದ. ಈಗ ಎಲ್ಲಿದ್ದಾನೆ ಎಂದಾಗ 'ಬರುತ್ತಾನೆ' ಎಂದಷ್ಟೇ ಹೇಳಿದೆ. ಒಳಗೆ ಹೋಗಿ ದಪ್ಪದ ಕಟ್ಟು ಹೊತ್ತು ತಂದು ಮೇಜಿನ ಮೇಲೆ ಹಾಕಿದ. ಧೂಳೆದ್ದು ಇಬ್ಬರೂ ಸೀನಿದೆವು.

ವಾರಂಟ್ ಇದೆ. ಒಂದಲ್ಲ, ಬಂದು ಬಂದು ವಾಪಸಾದದ್ದೇ ಒಂದು ಹೊರೆ ಇದೆ. ಕಿಟಕಿಯ ಕಂಬಿ ಹಿಡಿದುಕೊಂಡೆ. 'ಎಷ್ಟು ವರ್ಷ ಹಾಕ್ತಾರೆ ಸ್ವಾಮಿ' ಎಂದೆ. ಅವನು ನನ್ನ ಮುಖವನ್ನೇ ನೋಡಿದ. 'ಯಾರಿಗಮ್ಮ? ಇವರು ಆರೋಪಿ ಅಲ್ಲ. ಸಾಕ್ಷಿ. ನೋಡಿದ್ದನ್ನ ಬಂದು ಹೇಳಿ ಅಂತ ಕರೆದದ್ದು. ಎಷ್ಟು ಕರೆದರೂ ಬರಲಿಲ್ಲ ಅಂತ ಹಿಡಿದು ತರೋಕೆ ಹೇಳಿದಾರೆ, ಅಷ್ಟೇ.'

ಸಾಕ್ಷಿ ಕಣೋ. ನೀನು ಬರೀ ಸಾಕ್ಷಿ. ಮೇಲ್ವಿಚಾರಕ ನಿನ್ನನ್ನು ಲಾರಿ ಹತ್ತಿಸಿದ್ದು ನಿನ್ನನ್ನು ಉಳಿಸಲಿಕ್ಕಲ್ಲ, ನಿನ್ನ ಬಾಯಿಯನ್ನು ಊರು ಬಿಡಿಸಲಿಕ್ಕೆ.

ಇನ್ನೊಂದು ಕೇಳು. ಅಷ್ಟೂ ವಾರಂಟಿನ ಹಿಂದೆ ವಾರಂಟಜ್ಜನ ಕೈಬರಹ. 'ಮನೆಗೆ ಹೋಗಿ ಹುಡುಕಿದೆ, ಸಿಗಲಿಲ್ಲ.' ಒಂದು ದಿನವೂ ಅವನು ನನ್ನ ಬಾಗಿಲಿಗೆ ಬಂದವನಲ್ಲ. ನೇರ ಅವನ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಕೂಗಿದೆ. ಪಾಪ, ಅವನು ಹೆದರಿಬಿಟ್ಟ. 'ಒಂಟಿ ಹೆಣ್ಣುಮಗಳು ಅಂಗಡಿ ನಡೆಸ್ಕೊಂಡು ಇದೀಯ, ಸುಮ್ನೆ ಯಾಕೆ ಅಳಿಸಲಿ ಅಂತ ವಾಪಸ್ ಕಳಿಸ್ತಿದ್ದೆ ಕಣವ್ವ' ಎಂದ. 'ಸಾಕ್ಷಿ ಅಂತ ಬರೆದದ್ದು ಓದಲಿಲ್ಲವಾ' ಎಂದೆ. 'ಹೆಸರು ನೋಡಿದೆ, ಸಾಕು ಅನ್ನಿಸ್ತು' ಎಂದ. ಅವನನ್ನು ಏನೆಂದು ಬೈಯಲಿ? ಉಪಕಾರ ಮಾಡಿದವನನ್ನು ಬೈಯುವುದು ನನಗೆ ಬರುವುದಿಲ್ಲ.

ಬಾ. ಗುಮಾಸ್ತ ಹೇಳಿದ, ತಾನಾಗಿ ಬಂದು ನ್ಯಾಯಾಧೀಶರ ಮುಂದೆ ನಿಂತು ನೋಡಿದ್ದನ್ನು ಹೇಳಿದರೆ ಅದೇ ದಿನ ಮನೆಗೆ ಹೋಗಬಹುದಂತೆ.

ಅಕ್ಕ


ಏಪ್ರಿಲ್ ೯

ಅಕ್ಕಾ, ಅಕ್ಕಾ, ಅಕ್ಕಾ,

ಚಹಾದ ಅಂಗಡಿಯಲ್ಲಿ ಕೂತವರಿಗೆಲ್ಲ ಚಹಾ ಕೊಡಿಸಿದೆ. ಯಾಕೆ ಎಂದರೆ 'ನನ್ನ ಹೆಸರು ಐಸಣ್ಣ ಅಲ್ಲ' ಎಂದು ಹೇಳಿ ನಿಜವಾದ ಹೆಸರು ಹೇಳಿದೆ. ಆರು ವರ್ಷದ ಮೇಲೆ ಬಾಯಿಬಿಟ್ಟು ಹೇಳಿದ್ದು. ನನ್ನ ಕಿವಿಗೇ ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು.

ಮೊದಲು ಸಿಟ್ಟು ಬಂತು. ಗಡ್ಡೆ ಒಡೆಯುವ ಸುತ್ತಿಗೆಯಿಂದ ಸಂಜೆಯವರೆಗೂ ಬಡಿದೆ, ಯಜಮಾನ ಬಂದು 'ಪುಡಿ ಮಾಡೋಕೆ ಹೇಳಿಲ್ಲಯ್ಯ' ಎಂದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಆರು ವರ್ಷ ಕಳೆದೆನಲ್ಲ. ಆಮೇಲೆ ಸಿಟ್ಟು ಇಳಿದು ಖುಷಿ ಬಂತು. ನನಗೆ ಎಲ್ಲ ನೆನಪಿದೆ. ಆ ಬೆಳಿಗ್ಗೆ ದಿಮ್ಮಿ ಸಿಕ್ಕಿಹಾಕಿಕೊಂಡಿತ್ತು. ಜೊತೆಗಾರ ಗರಗಸ ನಿಲ್ಲಿಸಿ, 'ಬಿಡಿಸು' ಎಂದು ಹಮಾಲಿಗೆ ಕೈ ಮಾಡಿ, ಎಣ್ಣೆ ತರಲು ಆ ಕಡೆ ತಿರುಗಿದ್ದ. ಮೇಲ್ವಿಚಾರಕ ಬಂದು 'ಏನಿದು ಸೋಮಾರಿಗಳ ಸಂತೆ' ಎಂದು ತಾನೇ ಗುಂಡಿ ಒತ್ತಿದ. ಹಮಾಲಿಯ ಕೈ ಇನ್ನೂ ಒಳಗಿತ್ತು. ಅವನು ಒತ್ತಿದ್ದನ್ನು ನೋಡಿದವನು ನಾನೊಬ್ಬನೇ. ಜೊತೆಗಾರನ ಬೆನ್ನು ಈ ಕಡೆಗಿತ್ತು.

ಅಂದರೆ ಆರು ವರ್ಷದಿಂದ ಮೇಲ್ವಿಚಾರಕನ ಮೇಲೆ ಕೇಸು ನಡೆಯುತ್ತಿದೆ ಎಂದಾಯಿತು. ಅದಕ್ಕೇ ನನ್ನನ್ನು ಓಡಿಸಿದ್ದಾನೆ. ಬರುತ್ತೇನೆ, ಬಂದು ಅವನ ಮುಖ ನೋಡಿಕೊಂಡೇ ಹೇಳುತ್ತೇನೆ. ಜೊತೆಗಾರನೂ ಸುಮ್ಮನೆ ಊರು ಬಿಟ್ಟಿದ್ದಾನೆ, ಅವನನ್ನೂ ಕರೆಸಬೇಕು. ಇಬ್ಬರೂ ಒಟ್ಟಿಗೆ ಹೋಗಿ ನಿಲ್ಲುತ್ತೇವೆ. ಅವನ ವಿಳಾಸ ಕಳಿಸು.

ಇಪ್ಪತ್ತೊಂಬತ್ತಕ್ಕೆ ಇಲ್ಲಿಂದ ಬಸ್ಸು. ಮೂವತ್ತರ ಬೆಳಿಗ್ಗೆ ನಿಮ್ಮ ಮುಂದೆ ಇರುತ್ತೇನೆ. ಮಗಳಿಗೆ ಹೇಳು, ಕರಗುವುದಿಲ್ಲ ಎಂದು.

ತಮ್ಮ


ಏಪ್ರಿಲ್ ೧೪

ತಮ್ಮಾ,

ಬಾ. ಮೊದಲು ಬಾ. ಮಾತೆಲ್ಲ ಆಮೇಲೆ.

ನಿನ್ನ ಕಾಗದವನ್ನು ನಿನ್ನ ಹೆಂಡತಿಗೆ ಕೊಟ್ಟೆ. ಓದಿ, ಮಡಚಿ, 'ಬಸ್ ಎಷ್ಟು ಹೊತ್ತಿಗೆ ಬರುತ್ತೆ' ಎಂದಳು. ಮಗಳಿಗೆ ಹಳದಿ ಬಟ್ಟೆಯಲ್ಲಿ ಒಂದು ಫ್ರಾಕು ಹೊಲಿಯುತ್ತಿದ್ದೇನೆ. ಅಳತೆಗೆ ನಿಲ್ಲು ಎಂದರೆ ಕುಣಿಯುತ್ತಾಳೆ, ತೋಳು ಒಂದು ಉದ್ದ ಒಂದು ಗಿಡ್ಡ ಆಗದಿದ್ದರೆ ಸಾಕು.

ವಿಳಾಸದ ವಿಷಯ ನೀನು ಬಂದ ಮೇಲೆ ನೋಡೋಣ. ಒಂದು ಮಾತು ಹೇಳುವುದಿದೆ, ಅದನ್ನು ಎದುರಿಗೇ ಕೂತು ಹೇಳುತ್ತೇನೆ. ಕಾಗದದಲ್ಲಿ ನನ್ನಿಂದ ಆಗುವುದಿಲ್ಲ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಎದುರಿಗೆ ಹೇಳುವಂಥದ್ದು ಏನು? ನನ್ನ ಹೆಂಡತಿಯ ಮನಸ್ಸು ಬೇರೆಯಾಗಿದೆಯೇ? ಹಾಗಿದ್ದರೂ ಹೇಳಿಬಿಡು, ಬಂದು ಕಾಲು ಹಿಡಿದಾದರೂ ಸರಿ ಮಾಡಿಕೊಳ್ಳುತ್ತೇನೆ. ಇಲ್ಲ ನಿನ್ನ ಮೈ ಸರಿಯಿಲ್ಲವೇ? ನೀನು ಬೈಯದೆ ಬರೆದ ಕಾಗದ ಇದೇ ಮೊದಲು. ನನಗೆ ಭಯವಾಗುತ್ತಿದೆ.

ನೀನು ವಿಳಾಸ ಕೊಡಲಿಲ್ಲವಲ್ಲ, ಅದಕ್ಕೆ ಜೊತೆಗಾರನ ಅಮ್ಮನಿಗೇ ಒಂದು ಕಾರ್ಡು ಬರೆದು ಹಾಕಿದ್ದೇನೆ. ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮಗ ಎಲ್ಲಿದ್ದರೂ ತಾಯಿಗೆ ಒಂದು ಸಾಲು ಬರೆಯದೆ ಇರುವವನಲ್ಲ ಅವನು.

ಇಲ್ಲಿಯ ಕೆಲಸ ಬಿಟ್ಟೆ. ಯಜಮಾನ ಒಂದು ಗಡ್ಡೆಯನ್ನು ಊರಿಗೆ ತೆಗೆದುಕೊಂಡು ಹೋಗು ಎಂದು ತಮಾಷೆ ಮಾಡಿದ.

ತಮ್ಮ


ಏಪ್ರಿಲ್ ೨೪

ತಮ್ಮಾ,

ನಿನ್ನ ಕಾರ್ಡನ್ನು ಹಿಡಿದುಕೊಂಡು ಅವನ ಅಮ್ಮ ನನ್ನ ಅಂಗಡಿಗೇ ಬಂದರು. ಅವರಿಗೆ ಓದಲು ಬರುವುದಿಲ್ಲವಲ್ಲ. ಎಲ್ಲ ಬಿಟ್ಟು ನನ್ನ ಕೈಗೇ ಕೊಟ್ಟರು. 'ಯಾರೋ ಬರೆದಿದಾರೆ, ನೋಡಮ್ಮ' ಎಂದರು.

ಓದಿದೆ. ಬೇರೆ ಏನು ಮಾಡಲಿ? 'ಅಮ್ಮಾ, ಅವನ ಈಗಿನ ವಿಳಾಸ ಕೊಡಿ. ಮೇಲ್ವಿಚಾರಕನ ಮೇಲೆ ಕೇಸು ನಡೆದಿದೆ. ನಾನು ಬರುತ್ತಿದ್ದೇನೆ ಎಂದು ಅವನಿಗೆ ತಿಳಿಸಿ.' ಅವರು ಸ್ಟೂಲಿನ ಮೇಲೆ ಕೂತರು. 'ಇನ್ನೊಂದು ಸಲ ಓದು' ಎಂದರು. ಇನ್ನೊಂದು ಸಲ ಓದಿದೆ. 'ಬರ್ತಾನೆ ಅಂತ ಅವನೂ ಹೇಳ್ತಾನೇ ಇದ್ದ' ಎಂದರು.

ಇಲ್ಲ ಕಣೋ ಅವನು. ಈ ಚಳಿಗಾಲದಲ್ಲಿ ಹೋದ. ಜೈಲಿನಲ್ಲಿ, ಎದೆಯಲ್ಲಿ ಕಫ ಕಟ್ಟಿ. ದೂರದ ಊರಿಗೆ ಕೆಲಸಕ್ಕೆ ಹೋದ ಎಂದು ನಾನು ಬರೆದದ್ದು ಸುಳ್ಳು. ನೀನು ಲಾರಿ ಹತ್ತಿದ ರಾತ್ರಿಯೇ ಅವನನ್ನು ಹಿಡಿದರು. ಗರಗಸ ಅವನ ಕೈಕೆಳಗಿನದು, ಅವನೇ ಗುಂಡಿ ಒತ್ತಿದ ಎಂದು ಮೇಲ್ವಿಚಾರಕ ಹೇಳಿಕೆ ಕೊಟ್ಟ. ಕೇಸು ಅವನ ಮೇಲೆ. ಜಾಮೀನಿಗೆ ನಿಲ್ಲುವವರು ಯಾರೂ ಸಿಗಲಿಲ್ಲ. ಪ್ರತಿ ತಾರೀಖಿಗೂ ಕರೆತರುತ್ತಿದ್ದರು, ಪ್ರತಿ ಸಲವೂ ಸಾಕ್ಷಿ ಬಂದಿಲ್ಲ ಎಂದು ಮುಂದಕ್ಕೆ ಹಾಕುತ್ತಿದ್ದರು. ಅವನ ಪರವಾಗಿ ಇದ್ದ ಸಾಕ್ಷಿ ನೀನೊಬ್ಬನೇ. 'ನನ್ನ ಜೊತೆಗಾರ ಆ ಕಡೆ ನಿಂತಿದ್ದ, ಅವನು ನೋಡಿದಾನೆ, ಅವನು ಬರ್ತಾನೆ' ಎಂದು ಒಂದೇ ಮಾತು ಹೇಳುತ್ತಿದ್ದನಂತೆ.

ನಾನು ಯಾಕೆ ಮುಚ್ಚಿಟ್ಟೆ ಎಂದರೆ, ನಿಮ್ಮಿಬ್ಬರದೂ ಒಂದೇ ಗತಿ, ನೀನು ತಪ್ಪಿಸಿಕೊಂಡೆ, ಅವನು ಸಿಕ್ಕಿಬಿದ್ದ ಎಂದೇ ತಿಳಿದಿದ್ದೆ. ಅವನು ಒಳಗಿದ್ದಾನೆ ಎಂದು ಗೊತ್ತಾದರೆ ನೀನು ಹುಚ್ಚನ ಹಾಗೆ ಓಡಿ ಬರುತ್ತೀಯ ಎಂದು ಹೆದರಿದೆ. ಮೊದಲನೇ ವರ್ಷ ಅವನ ಅಮ್ಮ ಒಂದು ಸಲ ಬಂದು 'ನಿನ್ನ ತಮ್ಮ ಎಲ್ಲಿ, ಒಂದು ಮಾತು ಹೇಳಬೇಕಿತ್ತು' ಎಂದರು. ನಿನ್ನನ್ನೂ ಸಿಕ್ಕಿಸಲು ಬಂದರು ಎಂದುಕೊಂಡು, ಗೊತ್ತಿಲ್ಲ ಎಂದು ಬಾಗಿಲು ಹಾಕಿದೆ. ಅಜ್ಜ ನನ್ನ ಮೇಲೆ ಕನಿಕರ ಪಟ್ಟ, ನಾನು ನಿನ್ನ ಮೇಲೆ ಕನಿಕರ ಪಟ್ಟೆ. ಎಲ್ಲರೂ ಒಳ್ಳೆಯವರಾಗಿ ಸೇರಿ ಅವನನ್ನು ಕೊಂದೆವು. ಇದಕ್ಕಿಂತ ಬೇರೆ ಮಾತು ನನಗೆ ಸಿಗುತ್ತಿಲ್ಲ.

ಅವನ ಅಮ್ಮನನ್ನು ಕರೆದುಕೊಂಡು ನಿನ್ನೆ ಕೋರ್ಟಿಗೆ ಹೋದೆ. ಅವನು ಸತ್ತ ಸುದ್ದಿ ಜೈಲಿನಿಂದ ಕೋರ್ಟಿಗೆ ಇನ್ನೂ ಬಂದೇ ಇರಲಿಲ್ಲ. ಗುಮಾಸ್ತ ಕಣ್ಣು ಒರೆಸಿಕೊಂಡ, ಮೇಲಿನವರ ಹತ್ತಿರ ಓಡಾಡಿ ಸಂಜೆಯೊಳಗೆ ಮುಗಿಸಿಕೊಟ್ಟ. ಆರೋಪಿ ಇಲ್ಲದ ಮೇಲೆ ಕೇಸಿಲ್ಲ, ಕೇಸಿಲ್ಲದ ಮೇಲೆ ಸಾಕ್ಷಿ ಬೇಕಿಲ್ಲ. ನಿನ್ನ ವಾರಂಟನ್ನು ನನ್ನ ಎದುರಿಗೇ ಹೊಡೆದು ಹಾಕಿದ. ಈಗ ನಿನ್ನ ಮೇಲೆ ಎಲ್ಲಿಯೂ ಏನೂ ಇಲ್ಲ. ಗಟ್ಟಿಯಾಗಿ ತಿಳಿಯಬೇಕು ಎಂದಿದ್ದೆಯಲ್ಲ, ತಿಳಿಯಿತು.

ಅವನ ಅಮ್ಮ ನಿನಗೆ ಶಾಪ ಹಾಕಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದು, 'ಬಂದ್ರೆ ನನ್ನ ಹತ್ರ ಒಂದ್ಸಲ ಬರೋಕೆ ಹೇಳು. ಏನು ನೋಡಿದ ಅಂತ ನನಗಾದರೂ ಹೇಳಲಿ' ಎಂದರು. ನಿನ್ನ ಕಾಗದದಲ್ಲಿ ಓದಿದ್ದನ್ನು ನಾನೇ ಹೇಳುತ್ತೇನೆ ಎಂದೆ. ಬೇಡ, ನೋಡಿದವನ ಬಾಯಿಂದಲೇ ಕೇಳಬೇಕು ಎಂದರು.

ಮೂವತ್ತಕ್ಕೆ ಬಾ ತಮ್ಮ. ನನ್ನನ್ನು ಎಷ್ಟು ಬೇಕಾದರೂ ಬೈ. ಬಂದು ಬೈ.

ಅಕ್ಕ


ಮೇ ೬

ತಮ್ಮಾ,

ನಿನ್ನ ಹೆಂಡತಿ ಮಗಳು ಮೊನ್ನೆ ಹೋದರು.

ಮೂವತ್ತನೇ ತಾರೀಖು ಬೆಳಿಗ್ಗೆ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ಇಬ್ಬರೂ ನಿಲ್ದಾಣದಲ್ಲಿ ನಿಂತಿದ್ದರು. ನಾನು ಊಟ ಕಟ್ಟಿಕೊಂಡು ಹೋದರೆ ಬೇಡ ಎಂದಳು. ಮರುದಿನವೂ ಹೋದಳು. ಮಗಳು ಪ್ರತಿ ಗಂಡಸಿನ ಮುಖವನ್ನೂ ನೋಡಿ 'ಇವರಾ, ಇವರಾ' ಎಂದು ಕೇಳುತ್ತಿದ್ದಳು. ಮೂರನೇ ದಿನ ನಿನ್ನ ಹೆಂಡತಿ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಳು. 'ಹಿಡಿಯೋರು ಇದಾರೆ ಅಂತ ಬರಲಿಲ್ಲ, ಸರಿ, ಒಪ್ಪಿದೆ. ಹಿಡಿಯೋರು ಯಾರೂ ಇಲ್ಲ ಅಂದ ಮೇಲೂ ಬರಲಿಲ್ಲ ಅಂದ್ರೆ ಇನ್ನೇನು ಕಾಯಲಿ ಅಕ್ಕ?' ಎಂದಳು. ಅಳಲಿಲ್ಲ.

ಎಲ್ಲಿದ್ದೀಯೋ? 'ಕೆಲಸ ಬಿಟ್ಟೆ' ಎಂದು ಬರೆದಿದ್ದೆ, ಈ ಕಾಗದ ಚಹಾದ ಅಂಗಡಿಗಾದರೂ ತಲುಪುತ್ತದೆಯೋ ಇಲ್ಲವೋ. ಬದುಕಿದ್ದೀಯ ಎಂದು ಒಂದು ಸಾಲು ಬರೆ. ನನ್ನ ಮೇಲಿನ ಸಿಟ್ಟಿಗೆ ಮಗಳನ್ನು ಕಳೆದುಕೊಂಡೆಯಲ್ಲ, ಹಾಳಾದವನೇ. ಅವಳ ಅಣ್ಣನ ವಿಳಾಸ ಇದರ ಜೊತೆ ಇಟ್ಟಿದ್ದೇನೆ. ಈಗಲೂ ಬರೆದರೆ ಅವಳು ಓದಬಹುದು.

ಅಕ್ಕ


ಮೇ ೧೯

ಅಕ್ಕಾ,

ನಿನ್ನ ಮೇಲೆ ಸಿಟ್ಟಿಲ್ಲ. ನಾನು ಬಂದಿದ್ದೆ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಮೂವತ್ತರ ಬೆಳಗಿನ ಬಸ್ಸಿನಲ್ಲೇ ಇದ್ದೆ. ನಿಲ್ದಾಣದ ಒಳಗೆ ತಿರುಗುವಾಗ ಕಿಟಕಿಯಿಂದ ಕಂಡರು. ಮಗಳು ನೀನು ಹೊಲಿದ ಹಳದಿ ಫ್ರಾಕಿನಲ್ಲಿದ್ದಳು, ತೋಳು ಎರಡೂ ಸರಿಯಾಗಿಯೇ ಇದ್ದವು. ನನ್ನ ಹೆಂಡತಿ ಮುಂದಿನ ಬಾಗಿಲಿನಿಂದ ಇಳಿಯುವವರನ್ನೇ ನೋಡುತ್ತಿದ್ದಳು. ನಾನು ಎದ್ದು ನಿಂತೆ. ಇಳಿದರೆ ಮನೆಗೆ ಹೋಗುತ್ತೇನೆ, ಕೈಕಾಲು ತೊಳೆದು ಊಟಕ್ಕೆ ಕೂರುತ್ತೇನೆ, ಮಗಳು ತೊಡೆಯ ಮೇಲೆ ಬಂದು ಕೂರುತ್ತಾಳೆ. ಜೊತೆಗಾರ ಜೈಲಿನಲ್ಲಿ ಅಷ್ಟು ವರ್ಷ 'ಬರ್ತಾನೆ, ಬರ್ತಾನೆ' ಎಂದದ್ದು ಇದಕ್ಕೇನು? ಮತ್ತೆ ಕೂತುಬಿಟ್ಟೆ, ತಲೆ ತಗ್ಗಿಸಿ. ಬಸ್ಸು ಕೋರ್ಟಿನ ತನಕ ಹೋಗುತ್ತದಲ್ಲ, ಅಲ್ಲಿ ಇಳಿದೆ.

ಅವನ ಅಮ್ಮನ ಬೀದಿಗೆ ಹೋದೆ. ಬಾಗಿಲು ತೆರೆದಿತ್ತು, ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಏನೆಂದು ಶುರು ಮಾಡಲಿ? ಗುಂಡಿ ಒತ್ತಿದ್ದು ಮೇಲ್ವಿಚಾರಕ ಅಮ್ಮಾ, ನಾನು ನೋಡಿದೆ ಅಮ್ಮಾ, ನೋಡಿ ಓಡಿಹೋದೆ ಅಮ್ಮಾ. ಹೊಸ್ತಿಲು ತುಳಿಯಲಿಲ್ಲ. ಹಾಗೇ ತಿರುಗಿದೆ.

ಅಲ್ಲಿಂದ ಸ್ಟೇಷನ್ನಿಗೆ ಹೋದೆ. ನನ್ನ ಕಾಲೇ ಕರೆದುಕೊಂಡು ಹೋಯಿತು. ಮೇಜಿನ ಹಿಂದೆ ಹೊಸಬ ಒಬ್ಬ ಕೂತಿದ್ದ. ನನ್ನ ಹೆಸರು, ಅಪ್ಪನ ಹೆಸರು ಹೇಳಿ, 'ನನ್ನ ಮೇಲೆ ವಾರಂಟ್ ಇದೆ, ಹಿಡ್ಕೊಳ್ಳಿ' ಎಂದೆ. ಅವನು ಪುಸ್ತಕ ತಿರುವಿ ನೋಡಿ 'ಇಲ್ಲ' ಎಂದ. ಸರಿಯಾಗಿ ನೋಡಿ ಎಂದೆ. ಪಾಪ, ಮತ್ತೊಂದು ಸಲ ನೋಡಿದ. 'ಇತ್ತು, ಹೋದ ವಾರ ರದ್ದಾಗಿದೆ. ನೀನು ಯಾರಿಗೂ ಬೇಕಾಗಿಲ್ಲಯ್ಯ, ಮನೆಗೆ ಹೋಗು' ಎಂದ. ನಾನು ಹೊರಡಲಿಲ್ಲ. ಬೆಂಚಿನ ಮೇಲೆ ಕೂತೇ ಇದ್ದೆ. ಅವನಿಗೆ ಬೇಸರವಾಗಿ, 'ಕುಡಿದಿದೀಯಾ?' ಎಂದು ಕೈ ಹಿಡಿದು ಎಬ್ಬಿಸಿ ಗೇಟಿನ ಹೊರಗೆ ಬಿಟ್ಟು ಬಂದ.

ಇದೆ ಎಂದಿದ್ದರೆ ಒಳಗೆ ಹೋಗಿ ಕೂರುತ್ತಿದ್ದೆ ಅಕ್ಕ. ಅಲ್ಲಿಂದ ಮನೆಗೆ ಬರುವುದಕ್ಕೆ ಒಂದು ದಾರಿ ಇರುತ್ತಿತ್ತು. ಮಧ್ಯಾಹ್ನದ ಬಸ್ಸು ಹತ್ತಿದೆ. ಐಸ್ ಕಾರ್ಖಾನೆಯವರು ಮತ್ತೆ ಸೇರಿಸಿಕೊಂಡರು. ಇಲ್ಲಿ ಯಾರೂ ನನ್ನನ್ನು ನಿಜವಾದ ಹೆಸರಿನಿಂದ ಕರೆಯಲಿಲ್ಲ, ನಾನೂ ನೆನಪಿಸಲಿಲ್ಲ.

ತಮ್ಮ